ಸೋಮವಾರದ ಉಪ್ಪು

ಕುಷ್ಟಗಿಗೆ ಬಿಸಿಯೂಟದ ಅಧಿಕಾರಿಯಾಗಿ ಬಂದ ಮೊದಲ ಶ್ರಾವಣದಲ್ಲಿ ನನ್ನ ಮೇಜಿಗೆ ಒಂದು ಅರ್ಜಿ ಬಂತು. ತಾಲ್ಲೂಕಿನ ಅಂಚಿನ ಊರೊಂದರ ಶಾಲಾ ಸಮಿತಿಯ ಸದಸ್ಯರೊಬ್ಬರು ಬರೆದದ್ದು. ಮುಖ್ಯ ಅಡುಗೆಯವರಿಗೆ ವಯಸ್ಸಾಗಿದೆ, ವಾರದಲ್ಲಿ ಒಂದು ದಿನವಾದರೂ ಸಾರು ಬಾಯಿಗಿಡುವಂತಿರುವುದಿಲ್ಲ, ಅವರನ್ನು ತೆಗೆದು ಬೇರೆಯವರನ್ನು ಹಾಕಬೇಕು ಎಂದಿತ್ತು. ಯಾವ ದಿನ ಎಂದು ಬರೆದಿರಲಿಲ್ಲ. ನಾನು ಹೋಗಿ ನೋಡಿ ವರದಿ ಕೊಡಬೇಕಿತ್ತು. ಆ ವರದಿಯ ಮೇಲೆ ಕೊಪ್ಪಳದ ಮೇಲಧಿಕಾರಿಗಳು ಆಕೆಯ ಕೆಲಸದ ತೀರ್ಮಾನ ಮಾಡುವವರಿದ್ದರು.

ಆಕೆಗೆ ಅರವತ್ತಾಗಲು ಇನ್ನೂ ನಾಲ್ಕು ವರ್ಷವಿತ್ತು. ಶಾಲೆಗೆ ಬಿಸಿಯೂಟ ಬಂದಾಗಿನಿಂದ ಅಲ್ಲೇ ಒಲೆ ಮುಂದೆ ನಿಂತವರು. ಮಕ್ಕಳು ಅಜ್ಜಿ ಎನ್ನುತ್ತಿದ್ದರು. ಒಂದು ಮಂಗಳವಾರ ಹೋದೆ, ಇನ್ನೊಂದು ಬುಧವಾರ ಹೋದೆ. ಎರಡೂ ದಿನ ಅಡುಗೆ ಒಳ್ಳೆಯದಿತ್ತು. ಗುರುವಾರ, ಶುಕ್ರವಾರ, ಶನಿವಾರಗಳನ್ನೂ ನೋಡಿ ಮುಗಿಸಿದೆ. ಸೋಮವಾರ ಮಾತ್ರ ಹೋಗಲಿಲ್ಲ.

ಅದಕ್ಕೆ ಕಾರಣವಿತ್ತು, ಯಾರಿಗೂ ಹೇಳಿರಲಿಲ್ಲ. ಶ್ರಾವಣ ಸೋಮವಾರ ನಾನು ಒಪ್ಪತ್ತು ಹಿಡಿಯುತ್ತೇನೆ. ಸಂಜೆ ಪೂಜೆಯಾದ ಮೇಲೆಯೇ ಊಟ. ಯಲಬುರ್ಗಾದಲ್ಲಿರುವ ಅವ್ವನಿಗೆ ಕೊಟ್ಟ ಮಾತು, ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲೂ ತಪ್ಪಿಸಿರಲಿಲ್ಲ. ಶಾಲೆಗೆ ಹೋದರೆ ರುಚಿ ನೋಡಲೇಬೇಕು. ಆದ್ದರಿಂದ ಆ ತಿಂಗಳ ಸೋಮವಾರಗಳಿಗೆ ಕಚೇರಿಯ ಕೆಲಸ ಇಟ್ಟುಕೊಂಡಿದ್ದೆ. ಇದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ.

ವರದಿಗೆ ಗಡುವು ಬಂದಾಗ ಉಳಿದದ್ದು ಅದೊಂದೇ ದಿನ.

ಹನ್ನೆರಡಕ್ಕೆ ಶಾಲೆ ಮುಟ್ಟಿದೆ. ಹೆಡ್ ಮಾಸ್ತರು ಚಹಾ, ಬಿಸ್ಕತ್ತು ತರಿಸಿದರು. ಚಹಾ ಕುಡಿದು ಬಿಸ್ಕತ್ತಿನ ತಟ್ಟೆಯನ್ನು ಅವರ ಕಡೆ ಸರಿಸಿದೆ. ಅವರೂ ಮುಟ್ಟಲಿಲ್ಲ. ರುಚಿ ನೋಡುವ ಪುಸ್ತಕ ಕೇಳಿದೆ. ಬಡಿಸುವ ಅರ್ಧ ಗಂಟೆ ಮೊದಲು ಅಡುಗೆಯವರೂ ಒಬ್ಬ ಶಿಕ್ಷಕರೂ ಉಂಡು ನೋಡಿ ಅದರಲ್ಲಿ ಸಹಿ ಮಾಡಬೇಕು. ಅಂದಿನ ಸಾಲಿನಲ್ಲಿ 'ರುಚಿ ಚೆನ್ನಾಗಿದೆ' ಎಂದು ಬರೆದು ಅಜ್ಜಿಯೂ ಹೆಡ್ ಮಾಸ್ತರೂ ಸಹಿ ಹಾಕಿಯಾಗಿತ್ತು. ಅಡುಗೆಮನೆಗೆ ಹೋದರೆ ಸಾರು ಇನ್ನೂ ಕುದಿಯುತ್ತಿತ್ತು.

"ರುಚಿ ಯಾರು ನೋಡಿದ್ರಿ?" ಎಂದೆ.

ಅಜ್ಜಿ ಸೌಟು ಕೆಳಗಿಟ್ಟರು. "ಸುಳ್ಳ್ಯಾಕ ಹೇಳ್ಲಿ ಮೇಡಮ್ಮಾರ, ನಂದು ಸ್ವಾಮಾರ ಒಪ್ಪತ್ತು. ಸರ್‌ದೂ ಒಪ್ಪತ್ತು. ಇಷ್ಟು ವರ್ಷದ ಕೈ ಐತಿ, ಕಣ್ಣಳತಿ ಮ್ಯಾಲ ಹಾಕ್ತೀನ್ರಿ."

ಬಾಗಿಲಲ್ಲಿ ನಿಂತಿದ್ದ ಹೆಡ್ ಮಾಸ್ತರು ನೆಲ ನೋಡಿದರು.

ಸಹಾಯಕ ಅಡುಗೆಯಾಕೆ, ಅಜ್ಜಿಯನ್ನು ಅತ್ತೆ ಎಂದು ಕರೆಯುವ ನೆರೆಮನೆಯ ಹೆಣ್ಣುಮಗಳು, ಆಗಷ್ಟೇ ನೀರು ಕುಡಿದು ಬಂದಳು. ರುಚಿ ನೋಡು ಎಂದರೆ ತಲೆ ತಗ್ಗಿಸಿದಳು. ಆಕೆಯದೂ ಒಪ್ಪತ್ತು.

ನಾನು ಒಂದು ತಟ್ಟೆಯಲ್ಲಿ ಎರಡು ತುತ್ತಿನಷ್ಟು ಅನ್ನ ಹಾಕಿಸಿಕೊಂಡು, ಸಾರು ಕಲಸಿ ಬಾಯಿಗಿಟ್ಟೆ. ನುಂಗಿದೆ. ಉಪ್ಪು ಗಂಟಲಿನವರೆಗೂ ಉರಿಯಿತು.

"ಉಪ್ಪು ಎರಡು ಸಲ ಬಿದ್ದೈತಿ," ಎಂದೆ.

ಅಜ್ಜಿ ತಿರುಗಿದರು. "ನೀ ಏನರ ಹಾಕಿದ್ದೇನ?"

"ಹೂಂ ಅತ್ತಿ. ಒಪ್ಪತ್ತಿನ ಸುಸ್ತಿನ್ಯಾಗ ನೀ ಮರತೀದಿ ಅಂತ ಹಾಕೀನಿ."

"ನಾನೂ ಹಾಕೀನಲ್ಲೇ! ಹ್ವಾದ ಸ್ವಾಮಾರನೂ ಹಾಕಿದ್ದೇನ?"

"ಹಾಕಿದ್ದೆ."

"ಅಯ್ಯ ನನ್ನ ತಾಯಿ, ನಾ ಮರಿಯಾಕಿ ಅಂತ ನಿನಗ ಯಾರು ಹೇಳ್ಯಾರ? ನೀ ಮರತ್ರ ಛಲೋ ಇತ್ತು!"

ನನಗೆ ನಗು ಬಂತು, ತಡೆದುಕೊಂಡೆ. ಅಜ್ಜಿ ಸಾರಿನ ಅರ್ಧವನ್ನು ಬೇರೆ ಪಾತ್ರೆಗೆ ತೆಗೆಸಿದರು. ಕುಕ್ಕರಿಗೆ ಹೊಸ ಬೇಳೆ ಇಟ್ಟರು, ಹೆಡ್ ಮಾಸ್ತರ ಕೈಗೆ ಟೊಮೆಟೊ ಕೊಟ್ಟು "ಹೆಚ್ಚರಿ ಸರ, ಬರೇ ಸಹಿ ಮಾಡಿದ್ರ ಸಾರು ಆಗೂದಿಲ್ಲ" ಎಂದರು. ಅವರು ಹೆಚ್ಚತೊಡಗಿದರು. ಗಂಟೆ ಹೊಡೆಯುವುದು ತಡವಾಯಿತು. ಜಗಲಿಯ ಮೇಲೆ ಮಕ್ಕಳು ತಟ್ಟೆ ಬಡಿಯತೊಡಗಿದರು. ಒಬ್ಬ ಹುಡುಗಿ ಕಿಟಕಿಯಿಂದ ಇಣುಕಿ, "ಅಜ್ಜೀ, ಇವತ್ತ ನಮಗೂ ಒಪ್ಪತ್ತೇನು?" ಎಂದು ಕೇಳಿದಳು.

"ನಿನಗ್ಯಾಕ ಒಪ್ಪತ್ತು? ಎರಡು ಸಲ ಉಣ್ಣು ಬಾ," ಎಂದರು ಅಜ್ಜಿ.

ನಲವತ್ತು ನಿಮಿಷ ತಡವಾಗಿ ಮಕ್ಕಳು ಉಂಡರು. ಬಡಿಸುವ ಮೊದಲು ಮತ್ತೆ ರುಚಿ ನೋಡಿದವಳು ನಾನೇ.

ಜೀಪಿನ ಹತ್ತಿರ ಬಂದು ಅಜ್ಜಿ ಮೆಲ್ಲಗೆ ಕೇಳಿದರು: "ಮೇಡಮ್ಮಾರ, ನೀವು ಬಿಸ್ಕೀಟ್ ಮುಟ್ಟಲಿಲ್ಲಂತ. ನಿಮ್ದೂ ಒಪ್ಪತ್ತು ಇತ್ತೇನ್ರಿ?"

ನಾನು ಜೀಪಿನ ಬಾಗಿಲು ತೆರೆದೆ. ಅಜ್ಜಿ ಅದನ್ನು ಹಿಡಿದುಕೊಂಡರು.

"ನನ್ನ ಕೆಲಸ ಹೋಗ್ತೈತೇನ್ರಿ?"

"ಏನು ನಡೀತೋ ಅದನ್ನ ಬರೀತೀನಿ," ಎಂದೆ. ಅದಕ್ಕಿಂತ ಮೃದುವಾದ ಮಾತು ನನಗೆ ಹೊಳೆಯಲಿಲ್ಲ.

ಎಲ್ಲವನ್ನೂ ಬರೆದೆ. ಎರಡು ಸಲ ಬಿದ್ದ ಉಪ್ಪು, ರುಚಿ ನೋಡದೆ ಮಾಡಿದ ಸಹಿ, ನಲವತ್ತು ನಿಮಿಷ. ಕೊನೆಯಲ್ಲಿ ಅರ್ಧ ಪುಟ ಸೇರಿಸಿದೆ. ತಪ್ಪು ಆಕೆಯ ವಯಸ್ಸಿನದಲ್ಲ. ಒಪ್ಪತ್ತಿನ ದಿನ ರುಚಿ ಯಾರು ನೋಡಬೇಕೆಂದು ನಾವು ಯಾರೂ ಯೋಚಿಸಿರಲಿಲ್ಲ. ಇದೇ ಕಾರಣಕ್ಕೆ ನಾನೂ ಸೋಮವಾರ ಅಡುಗೆಮನೆಗಳಿಗೆ ಹೋಗುತ್ತಿರಲಿಲ್ಲ. ಪ್ರತಿ ಶಾಲೆಯಲ್ಲೂ ಮಕ್ಕಳ ತಾಯಂದಿರು ಯಾವ ದಿನ ಒಪ್ಪತ್ತು ಹಿಡಿಯುತ್ತಾರೆಂದು ಕೇಳಿ, ಆಯಾ ದಿನ ಒಪ್ಪತ್ತಿಲ್ಲದೆ ರುಚಿ ನೋಡುವವರ ಹೆಸರನ್ನು ಅಡುಗೆಮನೆಯ ಗೋಡೆಗೆ ಹಚ್ಚಬೇಕು. ಮುಖ್ಯ ಅಡುಗೆಯವರನ್ನು ತೆಗೆಯುವ ಅಗತ್ಯವಿಲ್ಲ.

ಕೊಪ್ಪಳದಲ್ಲಿ ಮೇಲಧಿಕಾರಿಗಳು ಆ ಅರ್ಧ ಪುಟವನ್ನು ಎರಡು ಸಲ ಓದಿದರು. "ನಿಮ್ಮ ವಿಷಯ ಬರಿಯೂದು ಬೇಕಿತ್ತೇನ್ರಿ?"

"ಬೇಕಿತ್ತು ಸರ್."

ಸಹಿ ಮಾಡಿದರು. ಅಡುಗೆಯವರಿಬ್ಬರಿಗೂ ಹೆಡ್ ಮಾಸ್ತರಿಗೂ ಎಚ್ಚರಿಕೆಯ ಪತ್ರ ಹೋಯಿತು, ಅಷ್ಟೇ. ನನ್ನ ಅರ್ಧ ಪುಟ ಸುತ್ತೋಲೆಯಾಗಿ ತಾಲ್ಲೂಕಿನ ಶಾಲೆಗಳಿಗೆ ಹೋಯಿತು. ಮುಂದಿನ ತಿಂಗಳು ಅದೇ ಸುತ್ತೋಲೆ ಯಲಬುರ್ಗಾ, ಗಂಗಾವತಿಗಳಿಗೂ ಹೋಯಿತು. ಅದರಲ್ಲಿ ನನ್ನ ಹೆಸರಿರಲಿಲ್ಲ, ವಾಕ್ಯಗಳು ನನ್ನವೇ ಇದ್ದವು. ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಪದವಿ ಪ್ರಮಾಣಪತ್ರವೂ ಅದೇ ಫೈಲಿನಲ್ಲಿದೆ. ಫೈಲು ತೆರೆದಾಗ ಮೊದಲು ಓದುವುದು ಸುತ್ತೋಲೆಯನ್ನು.

ಅದೇ ಶ್ರಾವಣದ ಕೊನೆಯ ಸೋಮವಾರ ಆ ಶಾಲೆಗೆ ಮತ್ತೆ ಹೋದೆ. ಸೋಮವಾರಕ್ಕೆ ಹೆಸರು ಕೊಟ್ಟವರು ಅರ್ಜಿ ಬರೆದ ಸದಸ್ಯರ ಹೆಂಡತಿಯೇ. ತಟ್ಟೆ ಹಿಡಿದು ನಿಂತೇ ಉಂಡು, "ಉಪ್ಪು ಒಂಚೂರು ಕಡಿಮಿ ಆಗೈತಿ ನೋಡವಾ," ಎಂದರು.

"ಗಂಡ ಅರ್ಜಿ ಬರೀತಾನ, ಹೆಂಡ್ತಿ ತಪ್ಪು ಹಿಡೀತಾಳ. ಭಾಳ ಛಲೋ ಮನಿತನ ಐತಿ!" ಅಜ್ಜಿ ನಗುತ್ತಲೇ ಉಪ್ಪಿನ ಡಬ್ಬಿ ತೆಗೆದರು. ಹಾಕುವ ಮೊದಲು ಸಹಾಯಕಿಯತ್ತ ತಿರುಗಿ ಜೋರಾಗಿ ಹೇಳಿದರು: "ನೋಡು, ಈಗ ನಾ ಹಾಕಾಕತ್ತೀನಿ. ನೀ ಕೈ ಕಟಗೊಂಡು ನಿಂದ್ರು."

ಅವಳು ನಿಜವಾಗಿಯೂ ಕೈ ಕಟ್ಟಿ ನಿಂತಳು. ಅಂದು ನಾನು ರುಚಿ ನೋಡಬೇಕಾಗಿರಲಿಲ್ಲ.