ಹಗಲು ಹೊತ್ತಿನಲ್ಲಿ ಕಟ್ಟಿದ ಲೋಕಗಳು

ಐವತ್ತರ ದಶಕದ ಕೊನೆಯ ಮಾತು. ರಾಜಾಜಿನಗರದಲ್ಲಿ ಕಾರ್ಖಾನೆಯವರಿಗೆಂದು ಕಟ್ಟಿದ ಮನೆಗಳು ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳ ಹಾಗಿದ್ದವು. ನಾವು ಬಂದು ವಾರವೂ ಆಗಿರಲಿಲ್ಲ, ಐದು ವರ್ಷದ ಮಗನಿಗೆ ಜ್ವರ ನೆತ್ತಿಗೇರಿತು. ನಡುಮಧ್ಯಾಹ್ನ ನಮ್ಮ ಯಜಮಾನರು ಡಾಕ್ಟರನ್ನು ಕರೆತರಲು ಸೈಕಲ್ ಹತ್ತಿದರು. "ಮಂಪರಿಗೆ ಬಿಡಬೇಡ, ಏನಾದ್ರೂ ಕುಡಿಸ್ತಾ ಇರು" ಎಂದು ಹೇಳಿ ಹೋದರು.

ಕುಡಿಸುವುದೇನು ಬಂತು! ಹುಡುಗ ಬಾಯಿಯೇ ಬಿಡುತ್ತಿರಲಿಲ್ಲ. ಕತೆ ಹೇಳಿದರೆ ಮಾತ್ರ "ಹೂಂ" ಎನ್ನುತ್ತಿದ್ದ. ಹಾಗೆ ಬಾಯಿ ತೆರೆದಾಗಲೇ ಒಂದು ಚಮಚ ಗಂಜಿ ನೀರು ಬಿಡಬೇಕು.

ನನ್ನಜ್ಜಿ ಹೇಳಿದ್ದ ಲೋಕಗಳನ್ನೆಲ್ಲ ತೆಗೆದೆ. ಏಳು ಸಮುದ್ರದಾಚೆಯ ದ್ವೀಪ ಎಂದೆ. "ಉಪ್ಪು ನೀರು, ಬಾಯಾರುತ್ತಮ್ಮ" ಎಂದ. ನಾಗರಾಜನ ಪಾತಾಳ ಎಂದರೆ ಕತ್ತಲೆಯಂತೆ. ಮೋಡದ ಮೇಲಿನ ಪಟ್ಟಣ ಎಂದರೆ ಚಳಿಯಂತೆ, ನಡುಗಿಯೇ ಬಿಟ್ಟ. ಅಯ್ಯೋ ನನ್ನ ಹಣೆಬರಹವೇ, ಇನ್ನು ಎಲ್ಲಿಂದ ತರಲಿ ಲೋಕವನ್ನು? ಕೊನೆಗೆ ಬಾಯಿಗೆ ಬಂದದ್ದು ನಮ್ಮದೇ ಬೀದಿ. ಒಬ್ಬ ಮಾಂತ್ರಿಕ ಮನೆಗಳನ್ನೆಲ್ಲ ಒಂದೇ ಥರ ಮಾಡಿಬಿಟ್ಟಿದ್ದಾನೆ, ಒಬ್ಬ ಅಪ್ಪ ಸೈಕಲ್ ಮೇಲೆ ತನ್ನ ಮನೆ ಹುಡುಕುತ್ತಿದ್ದಾನೆ.

"ಹೂಂ" ಎಂದ ಮಗ. ಗಂಜಿ ಒಳಗೆ ಹೋಯಿತು.

ಅಷ್ಟರಲ್ಲಿ ಅತ್ತೆ ಹಿತ್ತಲಿಂದ ಓಡಿ ಬಂದರು. "ಹಗಲೊತ್ತಲ್ಲಿ ಕತೆ ಹೇಳ್ತೀಯೇನೇ? ದಾರೀಲಿರೋರು ದಾರಿ ತಪ್ತಾರೆ ಅಂತ ಗೊತ್ತಿಲ್ವಾ? ನನ್ ಮಗ ಮನೆ ಸೇರ್ಬೇಕೋ ಬೇಡ್ವೋ?"

ನನಗೆ ಮೈಯೆಲ್ಲ ಉರಿಯಿತು. "ನಿಮ್ ಮಗ ಸೈಕಲ್ ಮೇಲಿದಾರೆ ಅತ್ತೆ. ನನ್ ಮಗ ಚಾಪೆ ಮೇಲಿದಾನೆ!"

ಬೈದೆನೇ ಹೊರತು ಒಳಗೆ ನನಗೂ ಭಯ. ನಮ್ಮ ತವರಲ್ಲೂ ಹಗಲು ಯಾರೂ ಕತೆ ಹೇಳುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಂಡದ್ದೇ ತಡ, ಹುಡುಗನ ಕಣ್ಣು ಮೇಲಕ್ಕೆ ಹೋಯಿತು. ಹಾಳಾಗಿ ಹೋಗಲಿ ಎಂದು ಮತ್ತೆ ಶುರು ಮಾಡಿದೆ. ಅಪ್ಪನನ್ನು ಮೂಲೆ ತಿರುಗಿಸಿದೆ, ಬಾವಿ ದಾಟಿಸಿದೆ. "ಹೂಂ" ಸಣ್ಣಗಾಯಿತು. ಆಮೇಲೆ ಬರಲೇ ಇಲ್ಲ. ಗಂಜಿ ಕಟಬಾಯಿಯಿಂದ ಇಳಿದು ದಿಂಬು ಒದ್ದೆಯಾಯಿತು. ನನ್ನ ದನಿ ನಿಂತುಹೋಯಿತು.

"ಹೂಂ" ಎಂದರು ಅತ್ತೆ. ಮೊಮ್ಮಗನ ಪಾದ ಹಿಡಿದು ಉಜ್ಜುತ್ತಾ ಕೂತಿದ್ದರು. "ಆಮೇಲೆ? ಹೇಳೇ, ನಿಲ್ಲಿಸ್ಬೇಡ ಕಣೇ."

ಹೇಳಿದೆ. ಏನು ಹೇಳಿದೆನೋ ದೇವರಿಗೇ ಗೊತ್ತು.

ಬಿಸಿಲು ಇಳಿಯುವ ಹೊತ್ತಿಗೆ ಯಜಮಾನರು ಡಾಕ್ಟರ ಜೊತೆ ಬಂದರು. ಅಂಗಿಯೆಲ್ಲ ಬೆವರು. ಡಾಕ್ಟರು ಮಗುವಿನ ಕೈ ಹಿಡಿದು ನೋಡಿ, ಮೆಲ್ಲಗೆ ಎದೆಯ ಮೇಲಿಟ್ಟು, ಇಲ್ಲವೆಂಬಂತೆ ತಲೆಯಾಡಿಸಿದರು.

ಯಜಮಾನರು ಗೋಡೆಗೆ ತಲೆ ಚಚ್ಚಿಕೊಂಡರು. "ಬಡಾವಣೆಗೆ ಆಗ್ಲೇ ಬಂದಿದ್ವಿ ಕಣಮ್ಮಾ. ಎಲ್ಲಾ ಬೀದೀನೂ ಒಂದೇ ಥರ. ಸುತ್ತಿ ಸುತ್ತಿ ದಾರಿ ತಪ್ಪೋಯ್ತು."

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. ಸೆರಗಿನಿಂದ ಮೊಮ್ಮಗನ ಬಾಯಿ ಒರೆಸಿ, ಮಗನಿಗೆ ಹೇಳಿದರು:

"ಹಗಲೊತ್ತಲ್ಲಿ ಕತೆ ಹೇಳ್ದೆ ಕಣೋ, ನಾನು. ಅವಳು ಬೇಡಾ ಬೇಡಾ ಅಂದ್ಲು."