ಮಧುಕರರಾಯರ ಹೆಸರು, ಶಾಮಲಾಬಾಯಿಯ ಒಡಪು

ಮಧುಕರರಾವ್ ಮುಳಗುಂದರ ಹೆಸರು ಮೊದಲ ಸಲ ಅಚ್ಚಾದದ್ದು ೧೯೯೨ರ ಬೇಸಗೆಯಲ್ಲಿ, ಪುಣೆಯ ಒಂದು ಮರಾಠಿ ದಿನಪತ್ರಿಕೆಯ ವಾಚಕರ ಪತ್ರಗಳ ಅಂಕಣದಲ್ಲಿ. ನಳದ ನೀರು ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆಂಬ ದೂರು ಅದು. ಪತ್ರದ ಮುಕ್ಕಾಲು ಪಾಲನ್ನು ಸಂಪಾದಕರು ಕತ್ತರಿಸಿದ್ದರು. ಆದರೆ ಕೆಳಗೆ ‘ಮಧುಕರ ಮುಳಗುಂದ, ಸದಾಶಿವ ಪೇಠ’ ಎಂಬ ಅಕ್ಷರಗಳು ಇಡಿಯಾಗಿ ಉಳಿದಿದ್ದವು. ರಾಯರು ಆ ದಿನ ಸಂಧ್ಯಾವಂದನೆಯನ್ನು ಬೇಗನೆ ಮುಗಿಸಿ, ಪತ್ರಿಕೆಯನ್ನು ನಾವು ಹಲವು ಮನೆಯವರು ಕೂಡಿ ಬಾಳುತ್ತಿದ್ದ ವಾಡೆಯ ಒಂದೊಂದು ಹೊಸ್ತಿಲಿಗೂ ಕೊಂಡೊಯ್ದು ತೋರಿಸಿದರು. ನೀರು ಮಾತ್ರ ಮೊದಲಿನಂತೆಯೇ ಬರುತ್ತಿತ್ತು. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ.

ಗದಗಿನ ಕಡೆಯಿಂದ ಬಂದ ಮನೆತನ. ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತಿಕೆ. ಅಳತೆಯ ಮಾತು, ಮಡಿಕೆ ಕೆಡದ ಅಂಗಿ. ಇಂಥ ಗೃಹಸ್ಥನ ಎದೆಯೊಳಗೆ ‘ನಾಲ್ಕು ಮಂದಿ ನನ್ನ ಹೆಸರು ಹೇಳಬೇಕು’ ಎಂಬ ಒಂದೇ ಆಸೆ ಯಾವಾಗ ಬೀಜವಾಗಿ ಬಿತ್ತೋ ತಿಳಿಯದು. ಮೊಳೆತ ಮೇಲೆ ಅದಕ್ಕೆ ಅವರು ವ್ರತದಂತೆ ನೀರೆರೆದರು. ಕನ್ನಡಿಗರ ಯಾವ ಸಭೆಯಾದರೂ ವಂದನಾರ್ಪಣೆ ತಮಗೇ ಇರಲೆಂದು ಕೇಳಿಕೊಳ್ಳುತ್ತಿದ್ದರು. ವಂದನೆ ಹೇಳುವವನ ಹೆಸರನ್ನು ನಿರೂಪಕನು ಧ್ವನಿವರ್ಧಕದಲ್ಲಿ ಕರೆಯಲೇಬೇಕಷ್ಟೆ. ಆ ಹೊತ್ತಿಗೆ ಜನರು ಚಪ್ಪಲಿ ಹುಡುಕಲು ಏಳುತ್ತಾರೆಂದು ಕಂಡುಕೊಂಡ ಮೇಲೆ ಅತಿಥಿಗಳ ಪರಿಚಯಕ್ಕೆ ಬದಲಾಯಿಸಿಕೊಂಡರು. ಪರಿಚಯದಲ್ಲಿ ಅತಿಥಿಗೂ ತಮಗೂ ಇರುವ ನಂಟೇ ಹೆಚ್ಚಿನ ಭಾಗವಾಗಿರುತ್ತಿತ್ತು. ವಾಡೆಯ ಗೋಡೆಗಳ ಮೇಲೆ ಫಲಕಗಳು ಎದ್ದವು: ‘ಇಲ್ಲಿ ಸೈಕಲ್ ನಿಲ್ಲಿಸಬಾರದು. ನಿಲ್ಲಿಸಿದಲ್ಲಿ ಚಕ್ರದ ಗಾಳಿಗೆ ನಾವು ಹೊಣೆಯಲ್ಲ. — ಮಧುಕರ ಮುಳಗುಂದ.’ ಇಂಥ ಫಲಕ ಪುಣೆಗೆ ಹೊಸದಲ್ಲ; ಆದರೆ ಎಚ್ಚರಿಕೆಗಿಂತ ಸಹಿ ದೊಡ್ಡ ಅಕ್ಷರದಲ್ಲಿದ್ದ ಫಲಕವನ್ನು ನಾನು ಬೇರೆಲ್ಲಿಯೂ ಕಾಣೆ.

ಬಯಸಿದ್ದು ಕೈಗೆ ಬಾರದೆ ವರ್ಷಗಳು ಕಳೆದಂತೆ ಆಸೆಯ ಬದಿಯಲ್ಲಿ ಸಂಶಯವೂ ಬೆಳೆಯಿತು. ತಮ್ಮ ಹೆಸರನ್ನು ಯಾರೋ ಬೇಕೆಂದೇ ತಡೆಯುತ್ತಿದ್ದಾರೆ ಎಂಬ ಭಾವನೆ ಅವರಲ್ಲಿ ನೆಲೆಗೊಂಡಿತು. ವಾಡೆಯ ಕೆಳಗೆ ವಹಿ-ಪೆನ್ನುಗಳ ಅಂಗಡಿ ಇಟ್ಟುಕೊಂಡಿದ್ದ ಬೈಲಹೊಂಗಲದ ಸಿದ್ರಾಮಪ್ಪನ ಗಲ್ಲೆಯ ಮೇಲೆ ಒಂದು ಮುಂಜಾನೆ ಪತ್ರಿಕೆಯನ್ನು ಹರವಿ ತೋರಿಸಿದರು.

“ನೋಡ್ರಿ ಸಿದ್ರಾಮಪ್ಪ, ಅತಿಥಿಗಳ ಮಗ್ಗಲಕ್ಕ ನಿಂತಾವ ನಾನು. ಮೊಣಕೈ ಅಷ್ಟ ಇಟ್ಟು ಮಾರಿ ಕತ್ತರಿಸ್ಯಾರ. ಇದು ಸುಮ್ನ ಆಗೂದೇನು?”

“ಮೊಣಕೈ ಭಾಳ ಚಂದ ಬಂದದ ಬಿಡ್ರಿ ರಾಯರ. ತಿಳದವರು ಗುರ್ತು ಹಿಡೀತಾರ.”

“ನಿಮಗ ಚೇಷ್ಟಿ. ಫೋಟೋ ತಗದಾವಗ ಯಾರ್ಯಾರು ಚಹಾ ಕುಡಿಸ್ಯಾರ, ನನಗ ಗೊತ್ತದ.”

೨೦೦೩ರಲ್ಲಿ ರಾಯರಿಗೆ ಅರವತ್ತು ತುಂಬಿತು. ಶಾಂತಿಕರ್ಮಗಳು ಮನೆಯಲ್ಲಿ ವಿಧಿವತ್ತಾಗಿ ನಡೆದವು. ಅನಂತರ ಒಂದು ‘ಸತ್ಕಾರ ಸಮಿತಿ’ ಹುಟ್ಟಿಕೊಂಡಿತು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರೂ ಸಿದ್ರಾಮಪ್ಪನ ಹೆಸರೂ ಸದಸ್ಯರ ಸಾಲಿನಲ್ಲಿದ್ದುದನ್ನು ಕಂಡು ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಸಮಿತಿ ಸಭೆ ಸೇರಿದ್ದು ನಮಗಾರಿಗೂ ತಿಳಿಯದು. ಬಾರಾಮತಿಯ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಸಂಚಾಲಕರು ಮುಖ್ಯ ಅತಿಥಿಗಳು. ಸ್ಥಳ, ಬಾಡಿಗೆಯ ಸಭಾಗೃಹ. ಓಣಿಯ ಮೂಲೆಯಲ್ಲಿ, ಆಗಷ್ಟೇ ಬಳಕೆಗೆ ಬಂದಿದ್ದ ಫ್ಲೆಕ್ಸಿನ ಮೇಲೆ, ರಾಯರ ಮುಖ ಆಳೆತ್ತರದಲ್ಲಿ ನಗುತ್ತಿತ್ತು. ಅದರ ಕೆಳಗಿನ ‘ಶುಭೇಚ್ಛುಕರು’ ಯಾರೆಂದು ಹತ್ತಿರ ಹೋಗಿ ಓದಿದವರಿಗೆ ‘ಅಭಿಮಾನಿ ಬಳಗ’ ಎಂಬಷ್ಟೇ ಉತ್ತರ ದೊರೆಯುತ್ತಿತ್ತು.

ಸಭೆ ತಡವಾಗಿ ಆರಂಭವಾಯಿತು. ಅತಿಥಿಗಳು ಬಂದೊಡನೆ ಗಡಿಯಾರ ನೋಡಿಕೊಂಡರು. ಒಬ್ಬರಾದ ಮೇಲೊಬ್ಬರು ಎದ್ದು ರಾಯರ ನಿಷ್ಠೆ, ರಾಯರ ಕಾರ್ಯದಕ್ಷತೆ ಎಂದು ಒಂದೇ ಮಾತನ್ನು ತಿರುವಿ ಹೇಳಿದರು. ಜನರು ಆಕಳಿಸಿದರು, ಹಿಂದಿನ ಸಾಲುಗಳು ಬರಿದಾಗತೊಡಗಿದವು. ಧ್ವನಿವರ್ಧಕ ಹಿಡಿದಿದ್ದ ಸಿದ್ರಾಮಪ್ಪ ಸಭೆಯನ್ನು ಹೇಗಾದರೂ ಉಳಿಸಬೇಕೆಂದು, ಗಂಡನ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಶಾಮಲಾಬಾಯಿಯವರ ಕಡೆಗೆ ತಿರುಗಿದ.

“ವೈನಿ, ಎಲ್ಲಾರೂ ರಾಯರ ಹೆಸರು ಹೇಳಿದ್ರು, ನೀವೊಬ್ಬರ ಹೇಳಲಿಲ್ಲ. ಒಂದು ಒಡಪು ಹೇಳ್ರೆಲಾ.”

ಹೆಂಡತಿಯು ಗಂಡನ ಹೆಸರನ್ನು ಬರಿದೇ ಉಚ್ಚರಿಸಬಾರದೆಂಬುದು ನಮ್ಮ ಕಡೆಯ ಹಳೆಯ ನಡೆ. ಮದುವೆಯಲ್ಲಿ, ಆರತಿಯಲ್ಲಿ, ನಾದಿನಿಯರು ಬಾಗಿಲಿಗೆ ಅಡ್ಡ ನಿಂತಾಗ, ಪ್ರಾಸವುಳ್ಳ ಎರಡು ಸಾಲು ಕಟ್ಟಿ ಅದರೊಳಗೆ ಹೆಸರನ್ನಿಟ್ಟು ಹೇಳಬೇಕು. ಅದು ಒಡಪು, ಮರಾಠಿಯವರು ಉಖಾಣೆ ಎನ್ನುತ್ತಾರೆ. ಸವಣೂರಿನ ಈ ಹೆಣ್ಣುಮಗಳು ಮದುವೆಯಾಗಿ ಬಂದಂದಿನಿಂದ ಗಂಡನ ಹೆಸರನ್ನು ಒಡಪಿನ ಹೊರಗೆ ಉಚ್ಚರಿಸಿದವರಲ್ಲ. ಆಕೆ ಸೆರಗು ಸರಿಪಡಿಸಿಕೊಂಡು ಎದ್ದು, ಕ್ಷಣಕಾಲ ಸಭೆಯನ್ನು ನೋಡಿ, ಹೇಳಿದರು:

“ಪೇಪರಿನ್ಯಾಗ ಹುಡುಕೀದೆ, ಫೋಟೋದಾಗ ಹುಡುಕೀದೆ, ಕಾಣ್ಲಿಲ್ಲ ಇವರ ಮಾರಿ;
ಮಧುಕರರಾಯರು ಮನಿಗೆ ಬರೂದ್ರಾಗ ಆರಿತ್ತು ಚಹಾ, ಮತ್ತೊಮ್ಮೆ ಕಾಸೇನ್ರಿ!”

ಸಭೆ ಒಮ್ಮೆಲೇ ನಕ್ಕಿತು. ಕನ್ನಡವರಿಯದ ಅತಿಥಿಗಳು ಪಕ್ಕದವರಿಂದ ಅರ್ಥ ಕೇಳಿ ತಡವಾಗಿ ನಕ್ಕರು; ತಮ್ಮ ಮೊಮ್ಮಗಳಿಗೆ ಹೇಳಬೇಕೆಂದು ಇನ್ನೊಮ್ಮೆ ಹೇಳಿಸಿದರು; ಹೊರಡುವ ಮಾತನ್ನೇ ಮರೆತರು. ಬಾಗಿಲವರೆಗೆ ಹೋಗಿದ್ದವರು ಮರಳಿ ಬಂದು ಕುಳಿತರು. ಮರುದಿನದ ಪತ್ರಿಕೆಯಲ್ಲಿ ಒಡಪು ಮರಾಠಿಗೆ ತಿರುಗಿ ಅಚ್ಚಾಯಿತು, ಶಾಮಲಾಬಾಯಿಯವರ ಭಾವಚಿತ್ರದೊಂದಿಗೆ. ಸತ್ಕಾರಮೂರ್ತಿಯ ಭಾಗಕ್ಕೆ ಶಾಲಿನ ಒಂದು ತುದಿ ಮಾತ್ರ ಕಾಣುತ್ತಿತ್ತು.

ಅಲ್ಲಿಂದ ಮುಂದೆ ನಡೆದುದನ್ನು ಯಾರೂ ಯೋಜಿಸಿರಲಿಲ್ಲ. ಅರಿಶಿನ-ಕುಂಕುಮಕ್ಕೆ, ಮಹಿಳಾ ಮಂಡಲದ ವರ್ಧಂತಿಗೆ, ಅಪರಿಚಿತರ ಮದುವೆಗೂ ಶಾಮಲಾಬಾಯಿಯವರಿಗೆ ಕರೆಗಳು ಬರತೊಡಗಿದವು. ಆಕೆ ಹೋದಲ್ಲೆಲ್ಲ ಹೊಸದೊಂದು ಒಡಪು, ಒಡಪಿನಲ್ಲೆಲ್ಲ ಮಧುಕರರಾಯರು. ಕಾಯಿಪಲ್ಲೆಯವಳೂ ರಿಕ್ಷಾದವನೂ ರಾಯರನ್ನು ಕಂಡೊಡನೆ “ಕಾಯ್ ಮಧುಕರರಾವ್, ಚಹಾ ಗಾರ್ ಝಾಲಾ ಕಾ?” ಎಂದು, ಚಹಾ ಆರಿತೇ ಎಂದು ವಿಚಾರಿಸುವರು. ಹತ್ತು ವರ್ಷಗಳ ಪತ್ರಗಳೂ ಫಲಕಗಳೂ ಮಾಡದ ಕೆಲಸವನ್ನು ಎರಡು ಸಾಲು ಮಾಡಿದ್ದವು.

“ರಾಯರ, ಬೇಕಂದದ್ದು ಇದ ಅಲ್ಲೇನ್ರಿ?” ಎಂದ ಸಿದ್ರಾಮಪ್ಪ. “ಹೆಸರು ಓಣಿ ತುಂಬ ಓಡ್ಯಾಡ್ಲಿಕತ್ತದ.”

“ಹೆಸರಲ್ಲ, ನಗಿಗೇಡು. ನೀವೂ ಆಕೀನೂ ಮೊದಲ ಮಾತಾಡಿಕೊಂಡಿದ್ರೇನು?”

“ಅಯ್ಯ, ಆಣಿ ಮಾಡ್ತೇನ್ರಿ ಬೇಕಾದ್ರ.”

“ಆಣಿ ಮಾಡವರ ಮ್ಯಾಲೆ ನನಗ ಭಾಳ ಸಂಶೇ.”

ರಾಯರ ಬಾಳು ಅಂದಿನಿಂದ ಒಂದು ವಿಚಾರಣೆಯಾಯಿತು. ಹೆಂಡತಿಗೆ ಬಂದ ದೂರವಾಣಿಯನ್ನು ತಾವೇ ಎತ್ತುವರು. ಕರೆದವರು ಯಾರು, ಯಾರ ಕಡೆಯವರು, ತಮ್ಮನ್ನೇಕೆ ಕೇಳಲಿಲ್ಲ ಎಂದು ತಿರುತಿರುಗಿ ಪ್ರಶ್ನಿಸುವರು. ಓಣಿಯಲ್ಲಿ ಇಬ್ಬರು ನಕ್ಕರೆ ನಿಂತುಬಿಡುವರು. ಪೂಜೆಗೆ ಕುಳಿತಾಗಲೂ ಹೊರಗಿನ ಮಾತಿಗೆ ಕಿವಿ ಕೊಡುತ್ತಾರೆಂಬುದು ಅರ್ಧಕ್ಕೇ ನಿಲ್ಲುತ್ತಿದ್ದ ಗಂಟೆಯ ನಾದದಿಂದ ನಮಗೆ ತಿಳಿಯುತ್ತಿತ್ತು. ನಾನೂ ಈ ವಿಷಯದಲ್ಲಿ ನಿಸ್ಸಂಶಯನಾಗಿದ್ದೆನೆಂದು ಹೇಳಲಾರೆ. ಜನರ ನಗೆ ಪ್ರೀತಿಯದೋ ಪರಿಹಾಸದ್ದೋ? ಪರರ ನಾಲಿಗೆಯ ಮೇಲೆ ನೆಲಸಿದ ಹೆಸರು ಯಾವ ಗಳಿಗೆಯಲ್ಲಿ ಯಾವ ಬಣ್ಣ ತಳೆಯುವುದೆಂದು ಬಲ್ಲವರಾರು? ಭಗವಂತನ ನಾಮವೊಂದನ್ನು ಬಿಟ್ಟರೆ ಮಿಕ್ಕ ಹೆಸರುಗಳನ್ನು ಲೋಕವು ತನ್ನ ವಿನೋದಕ್ಕಾಗಿ ಬಳಸುತ್ತದೆಂದೇ ನನ್ನ ತಿಳಿವಳಿಕೆ.

ಮರುವರ್ಷದ ಶ್ರಾವಣದಲ್ಲಿ ನಗರದ ಕೇಬಲ್ ವಾಹಿನಿಯೊಂದು ಮಂಗಳಗೌರಿಯ ನಿಮಿತ್ತ ಉಖಾಣೆಯ ಕಾರ್ಯಕ್ರಮವಿಟ್ಟಿತು. ಶಾಮಲಾಬಾಯಿಯವರಿಗೆ ಕರೆ ಬಂದಿತು, ಒಡಪನ್ನು ಕನ್ನಡದಲ್ಲಿಯೇ ಹೇಳಬಹುದೆಂಬ ಅನುಮತಿಯೊಂದಿಗೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಹಲಗೆಯ ಗೋಡೆ. ಹಿಂದಿನ ದಿನದ ಮಾತು, ಬೇಡವೆಂದರೂ, ನಮ್ಮ ಕಿವಿಗೆ ಬಿದ್ದಿತು.

“ನಾಳೆ ನನ್ನ ಹೆಸರು ತರಬ್ಯಾಡ.”

“ಯಾಕ್ರಿ?”

“ಊರ ಮುಂದ ನನ್ನ ಮಂಗ್ಯಾ ಮಾಡಿದ್ದು ಸಾಕು.”

“ನಿಮ್ಮನ್ನ ಮಂಗ್ಯಾ ಮಾಡೂದು ನನಗೇನು ಹಬ್ಬೇನ್ರಿ? ಈ ಸಲದ್ದು ಬ್ಯಾರೆ ಅದ. ಎಂಟು ದಿನಾ ಆತು ಕಟ್ಟಿ.”

“ಹಂಗಾದ್ರ ಮೊದಲ ನನಗ ಹೇಳು. ತಪಾಸಣಿ ಮಾಡ್ತೇನಿ.”

“ಹೆಸರಿಟ್ಟುಕೊಂಡವರಿಗೇ ಒಡಪು ಹೇಳಿ ತೋರಸ್ತಾರೇನ್ರಿ ಎಲ್ಲಾದ್ರೂ? ನಾಲ್ಕು ಮಂದಿ ಕೂತು ಕೇಳಿದ್ರ ಹೇಳೂದು.”

“ನೋಡಿದೇನು? ನನ್ನ ಮುಂದ ಹೇಳಲಿಕ್ಕೆ ಬರೂದಿಲ್ಲ ಅಂದ್ರ ಅದರಾಗೇನೋ ಅದ. ಹೆಸರು ಬ್ಯಾಡಂದ್ರ ಬ್ಯಾಡ.”

ಹಲಗೆಯ ಆಚೆಯಿಂದ ಶಾಮಲಾಬಾಯಿಯವರ ಧ್ವನಿ, ಮುನಿಸಿಲ್ಲದೆ: “ಆಗ್ಲಿರಿ. ಬ್ಯಾಡಂದ್ರ ಬ್ಯಾಡ.”

ಕಾರ್ಯಕ್ರಮ ಪ್ರಸಾರವಾದ ಸಂಜೆ ಸಿದ್ರಾಮಪ್ಪ ತನ್ನ ಟೀವಿಯನ್ನು ಅಂಗಡಿಯ ಹೊರಗಿನ ಕಟ್ಟೆಯ ಮೇಲಿಟ್ಟ. ವಾಡೆಯೆಲ್ಲ ಅಂಗಳದಲ್ಲಿ ನೆರೆಯಿತು. ಚಿತ್ರೀಕರಣ ಮುಗಿಸಿ ಮಧ್ಯಾಹ್ನವೇ ಮರಳಿದ್ದ ಶಾಮಲಾಬಾಯಿ ಒಳಗೆ ಗೌರಿಯ ಮುಂದಿನ ಹೂ ತೆಗೆಯುತ್ತಿದ್ದರು, ಹೊರಗೆ ಬರಲಿಲ್ಲ. ರಾಯರು ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದರು. ಹೆಂಡತಿ ತಮ್ಮ ಮಾತನ್ನು ನಡೆಸುವಳೆಂಬ ನಂಬಿಕೆ ಅವರಿಗೆ ಇರಲಿಲ್ಲವೆಂದೂ, ನಡೆಸದಿರಲೆಂಬ ಬಯಕೆಯೇ ಒಳಗೊಳಗೆ ಇತ್ತೆಂದೂ ನನ್ನ ಅನುಮಾನ. ಬೆಳಿಗ್ಗೆ ಬ್ಯಾಂಕಿನ ಹಳೆಯ ಸಹೋದ್ಯೋಗಿಗಳಿಗೆಲ್ಲ ದೂರವಾಣಿ ಮಾಡಿ, ತಪ್ಪದೆ ನೋಡಿರೆಂದು ಹೇಳಿದವರು ಅವರೇ.

ಪರದೆಯ ಮೇಲೆ ಹತ್ತಾರು ಹೆಂಗಸರು ತಮ್ಮ ಗಂಡಂದಿರನ್ನು ಮಾವಿಗೂ ಮಲ್ಲಿಗೆಗೂ ಹೋಲಿಸಿದರು. ಕಡೆಗೆ ನಿರೂಪಕಿ ಮಾಧುರಿ ಎಂಬ ಹುಡುಗಿ ಧ್ವನಿವರ್ಧಕವನ್ನು ಶಾಮಲಾಬಾಯಿಯವರ ಮುಂದೆ ಹಿಡಿದಳು. ಆಕೆ ಶಾಂತವಾಗಿ ಹೇಳಿದರು:

“ಅಂಗಳದಾಗ ತುಳಸಿ ಹಚ್ಚಿ ಹಾಕೀನಿ ದಿನಾ ನೀರ;
ಮಂಗಳಗೌರಿ ಸಾಕ್ಷಿ, ಇವತ್ತ ಹೆಸರ ಕೇಳಬ್ಯಾಡ್ರಿ ಯಾರ.”

ಇದೂ ಒಂದು ಚಮತ್ಕಾರವೆಂದು ಬಗೆದು ಮಾಧುರಿ ನಕ್ಕಳು. “ನಾವ್ ಘ್ಯಾ ನಾ, ಕಾಕೂ!” ಎಂದು, ಹೆಸರು ಹೇಳಿರೆಂದು, ಎರಡೆರಡು ಸಲ ಒತ್ತಾಯಿಸಿದಳು. ಶಾಮಲಾಬಾಯಿ ಮರಾಠಿಯಲ್ಲಿ, ಅವರಿಗೆ ಸೇರುವುದಿಲ್ಲವಮ್ಮಾ ಎಂದಷ್ಟೇ ಹೇಳಿ ಕೈಮುಗಿದರು. ಜಾಹೀರಾತು ಬಂದಿತು.

ಅಂಗಳದ ಮುಖಗಳೆಲ್ಲ ಮೆಲ್ಲಗೆ ಕಂಬದ ಕಡೆಗೆ ತಿರುಗಿದವು. ರಾಯರ ಮುಖ ಬಿಳಿಚಿತ್ತು. ಯಾರೂ ನಗಲಿಲ್ಲ. ಸಿದ್ರಾಮಪ್ಪ ಟೀವಿಯನ್ನು ಆರಿಸಿದ.

ರಾಯರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆಲ್ಲ ಮರಳಿ ಬಂದು, ಇನ್ನೂ ಚದುರದಿದ್ದ ನಮ್ಮೆದುರು ನಿಂತು, ಗಂಟಲು ಸರಿಪಡಿಸಿಕೊಂಡರು.

“ಎಲ್ಲಾರೂ ಒಂದೀಟು ಒಳಗ ಬರ್ರಿ.” ನನ್ನ ಕಡೆ ತಿರುಗಿದರು. “ಆಚಾರ್ಯರ, ನೀವೂ ಬರ್ರಿ. ಆಕಿ ಕಟ್ಟಿದ್ದು ಬ್ಯಾರೆ ಇತ್ತಂತ. ನಾಲ್ಕು ಮಂದಿ ಇದ್ರನ ಹೇಳ್ತಾಳಂತ.”

“ಹೆಸರು ಇಟ್ಟೋ, ಬಿಟ್ಟೋ?” ಎಂದ ಸಿದ್ರಾಮಪ್ಪ.

“ಇಟ್ಟಽ ಹೇಳಂದೀನಿ.”

ಅವರ ನಡುಮನೆ ತುಂಬಿತು. ಶಾಮಲಾಬಾಯಿ ಗೌರಿಯ ಮಂಟಪದ ಬದಿಯಲ್ಲಿ ನಿಂತರು. ರಾಯರು ಕುಳಿತುಕೊಳ್ಳಲಿಲ್ಲ. ಬಾಗಿಲ ಬಳಿ ನಿಂತು ನೆರೆದವರನ್ನು ಒಬ್ಬೊಬ್ಬರಾಗಿ ನೋಡತೊಡಗಿದರು: ಸಿದ್ರಾಮಪ್ಪನ ತುಟಿ, ಅವನ ಹೆಂಡತಿಯ ಹುಬ್ಬು, ಮೇಲಿನ ಮನೆಯ ಇಂದೂಬಾಯಿಯ ಸೆರಗಿನ ಮರೆಯ ಬಾಯಿ. ಶಾಮಲಾಬಾಯಿ ತಲೆ ತಗ್ಗಿಸಿ ಹೇಳಿದರು:

“ಕಾಲಿಲ್ಲದ ನಮ್ಮವ್ವನ್ನ ಹೊತ್ತು ಏರಿದ್ರು ಈ ವಾಡೆದ ಮೆಟ್ಟಲಾ;
ಮಧುಕರರಾಯರು ಮಾಡಿದ್ದಿದು ಯಾವ ಪೇಪರಿನ್ಯಾಗೂ ಬರಲಿಲ್ಲಾ.”

ಪಾರ್ಶ್ವವಾಯು ಬಡಿದ ಅತ್ತೆಯನ್ನು ರಾಯರು ಆಕೆಯ ಕೊನೆಯ ವರ್ಷದಲ್ಲಿ ಮಗುವಿನಂತೆ ಎತ್ತಿಕೊಂಡು ಈ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿಳಿದುದನ್ನು ನಾವೆಲ್ಲ ಕಂಡಿದ್ದೆವು, ಕಂಡು, ಮರೆತಿದ್ದೆವು. ಅದನ್ನು ಅವರು ಎಂದೂ ಯಾರಿಗೂ ಹೇಳಿಕೊಂಡವರಲ್ಲ. ಅಂಥದೊಂದು ಆ ಮನುಷ್ಯನ ಬಾಳಿನಲ್ಲಿತ್ತೆಂಬ ನೆನಪು ಬಂದೊಡನೆ ನನ್ನ ಕಣ್ಣು ತಂತಾನೆ ಕೆಳಗಾಯಿತು. ಇಂದೂಬಾಯಿ ಸೆರಗಿನಿಂದ ಕಣ್ಣೊರಸಿಕೊಂಡರು. ಸಿದ್ರಾಮಪ್ಪ, ಅಳು ಬಂದಾಗಲೂ ಅವನ ಮುಖ ಹಾಗೆಯೇ ಆಗುವುದರಿಂದ, ನಕ್ಕಂತೆ ಕಾಣಿಸಿದ.

ಎಲ್ಲರೂ ಕುಂಕುಮ ಪಡೆದು ಹೊರಟ ಮೇಲೆ ರಾಯರು ನನ್ನನ್ನು ಹೊಸ್ತಿಲಲ್ಲಿ ತಡೆದು, ಧ್ವನಿ ತಗ್ಗಿಸಿದರು.

“ಆಚಾರ್ಯರ, ಖರೇ ಹೇಳ್ರಿ. ಸಿದ್ರಾಮಪ್ಪ ಯಾಕ ನಕ್ಕಾ?”

“ಅವನು ನಗಲಿಲ್ಲ, ರಾಯರ. ಒಡಪು ಕೇಳಿದಿರಲ್ಲ?”

ಒಳಗೆ ಶಾಮಲಾಬಾಯಿ ಆರತಿಯ ತಟ್ಟೆಯನ್ನು ತೊಳೆಯುವ ಸದ್ದು ಕೇಳುತ್ತಿತ್ತು. ರಾಯರು ಒಮ್ಮೆ ಆ ಕಡೆ ನೋಡಿ, ಇನ್ನಷ್ಟು ಹತ್ತಿರ ಬಂದರು.

“ನಾ ಮಂದೀ ಮಾರಿ ನೋಡ್ಕೋತ ನಿಂತಿದ್ದೆ. ಏನಂದ್ಲು? ನನ್ನ ಹೆಸರು ಬಂತೇನ್ರಿ ಅದರಾಗ?”

“ಬಂತು,” ಎಂದೆ. “ಅದಕ್ಕಿಂತ ದೊಡ್ಡ ಮಾತನ್ನು ನಿಮ್ಮ ಬಗ್ಗೆ ಈ ಊರಿನಲ್ಲಿ ಯಾರೂ ಆಡಿಲ್ಲ. ಒಳಗೆ ಹೋಗಿ ಅವರನ್ನೇ ಕೇಳಿ.”

ರಾಯರು ನನ್ನ ಮುಖವನ್ನು ಬಹಳ ಹೊತ್ತು ದಿಟ್ಟಿಸಿದರು. ಒಳಗೆ ಹೋಗಲಿಲ್ಲ. ನನ್ನನ್ನು ದಾಟಿ ಮೆಟ್ಟಿಲಿಳಿದು, ಅಂಗಡಿಯ ಬಾಗಿಲು ಮುಚ್ಚುತ್ತಿದ್ದ ಸಿದ್ರಾಮಪ್ಪನನ್ನು ಕೇಳಲು ಹೋದರು.