ಅತ್ತೆ ಅಂಡಮಾನಿನಲ್ಲಿ, ಗೌರಿ ಕೊಟ್ಟಿಗೆಯಲ್ಲಿ

ಅಂಡಮಾನಿನ ಕಡಲ ತೀರದಲ್ಲಿ ನಿಂತು ಹಸುವಿಗೆ ವಿಡಿಯೊ ಕಾಲ್ ಮಾಡಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮತ್ತೆ.

ದೇವರಾಯಸಮುದ್ರದ ನಮ್ಮ ಮನೆಯಲ್ಲಿ ಒಂದು ಸೀಮೆಹಸು ಇದೆ. ಹೆಸರು ಗೌರಿ. ತಮ್ಮ ದನಿ ಕೇಳದೆ ಅದು ಹಾಲು ಬಿಡುವುದಿಲ್ಲ ಎಂಬುದು ಅತ್ತೆಯ ನಂಬಿಕೆ. ಹಾಗಾಗಿ ಬೆಳಿಗ್ಗೆ, ಸಂಜೆ ಅವರು ಕೊಟ್ಟಿಗೆ ಬಿಟ್ಟು ಕದಲುವಂತಿಲ್ಲ. ತಂಗಿಯ ಮಗಳ ಮದುವೆಯಲ್ಲೂ ಧಾರೆ ಮುಗಿದದ್ದೇ ಊಟ ಬಿಟ್ಟು ಬಸ್ಸು ಹತ್ತಿದವರು. ಗೌರಿಗೆ ಮುಂಚೆ ಅದರ ತಾಯಿ, ಅದಕ್ಕೂ ಮುಂಚೆ ಅಜ್ಜಿ. ಅಂತೂ ಮೂವತ್ತು ವರ್ಷದಿಂದ ಇದೇ ಡ್ಯೂಟಿ.

ಈ ಸಲ ನಾನು ಹಟ ಹಿಡಿದೆ. (ಮುಳಬಾಗಿಲಿನಲ್ಲಿ ಮೂರನೇ ಕ್ಲಾಸಿಗೆ ಪಾಠ ಮಾಡುವವಳು ನಾನು. ಹಟ ಮಕ್ಕಳಿಂದ ಕಲಿತ ವಿದ್ಯೆ.) ಪಕ್ಕದ ಮನೆಯ ಮುನಿಯಮ್ಮನಿಗೆ ಗೌರಿಯನ್ನು ಒಪ್ಪಿಸಿ, ನಾನೂ ನಮ್ಮವರೂ ಸೇರಿ ಅತ್ತೆಯನ್ನು ವಿಮಾನ ಹತ್ತಿಸಿಯೇಬಿಟ್ಟೆವು.

ಅಲ್ಲಿನ ಚೆಂದ ಏನೆಂದು ಹೇಳಲಿ? ಜರಡಿ ಹಿಡಿದ ಅಕ್ಕಿಹಿಟ್ಟಿನಂಥ ಮರಳು. ಗಾಜಿನ ತಳದ ದೋಣಿಯಲ್ಲಿ ಕೂತರೆ ಕಾಲ ಕೆಳಗೇ ಹವಳ, ಹಳದಿ ಪಟ್ಟೆಯ ಮೀನು. ಅತ್ತೆ ಎಲ್ಲವನ್ನೂ ನೋಡಿದರು, ಒಂದು ಕಣ್ಣು ಮೊಬೈಲಿನ ಸಿಗ್ನಲ್ ಮೇಲಿಟ್ಟುಕೊಂಡು.

ಎಲ್ಲರೂ ಕಾಯುವುದು ಸೂರ್ಯಾಸ್ತಕ್ಕೆ. ಅಲ್ಲಿ ಸೂರ್ಯ ಐದು ಗಂಟೆ ದಾಟುತ್ತಲೇ ಮುಳುಗುತ್ತಾನೆ. ಗೌರಿಯ ಹಾಲು ಕರೆಯುವ ಹೊತ್ತೂ ಅದೇ. ಜನವೆಲ್ಲ ಪಡುವಣಕ್ಕೆ ಮುಖ ಮಾಡಿ ನಿಂತಿದ್ದರೆ, ಅತ್ತೆ ಕಡಲಿಗೆ ಬೆನ್ನು ಹಾಕಿ, "ರಾ ತಲ್ಲೀ, ಇವ್ವಮ್ಮಾ" ಎಂದು ಫೋನಿನಲ್ಲಿ ಹಸುವನ್ನು ರಮಿಸುತ್ತಿದ್ದರು. (ಬಾ ತಾಯಿ, ಕೊಡಮ್ಮಾ ಅಂತ. ನಮ್ಮ ಮನೆಯಲ್ಲಿ ದನಗಳ ಜೊತೆ ತೆಲುಗೇ. ಯಾಕೆಂದು ಕೇಳಬೇಡಿ.) ಎರಡು ಸಂಜೆ ಹೀಗೇ ಹೋಯಿತು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೂರ ಕರೆತಂದದ್ದು ಇದಕ್ಕಾ?

ಮೂರನೇ ಸಂಜೆ ನೆಟ್‌ವರ್ಕೇ ಹೋಯಿತು. ಅತ್ತೆ ಮರಳಿನ ಮೇಲೆ ಅತ್ತಿಂದಿತ್ತ ಓಡಾಡಿದರು. "ಬಕೆಟ್ ಒದ್ದಿರ್ತದೆ ಕಣಮ್ಮಾ, ಮುನಿಯಮ್ಮನ್ನೂ ಒದ್ದಿರ್ತದೆ" ಎಂದರು. ಕೊನೆಗೆ ಸುಸ್ತಾಗಿ ನನ್ನ ಪಕ್ಕ ಕೂತರು. ಆಗ ಸೂರ್ಯ ಇಳಿಯುತ್ತಿದ್ದ. ನೀರೆಲ್ಲ ಮೊದಲು ಅರಿಶಿನ, ಆಮೇಲೆ ಕುಂಕುಮ. ಪೂರ್ತಿ ಮುಳುಗುವವರೆಗೂ ಅವರು ಕಣ್ಣು ಕೀಳಲಿಲ್ಲ.

"ದಿನಾ ಹಿಂಗೇ ಆಗ್ತದಾ?"

"ದಿನಾ, ಅತ್ತೇ."

ನನಗೆ ಅಳು ಬರುವಷ್ಟು ಸಂತೋಷವಾಯಿತು.

ಮರುದಿನ ಬೆಳಿಗ್ಗೆ ಫೋನು ಸಿಕ್ಕಿತು. ಮುನಿಯಮ್ಮ ನಗುತ್ತಿದ್ದರು. "ಆರಾಮಾಗಿ ಕೊಡ್ತಕ್ಕಾ. ಮುಖದ ಮುಂದೆ ಫೋನ್ ಹಿಡಿದ್ರೇ ಅದು ಬೆದರೋದು. ನಿನ್ನೆ ಒಂದು ಲೀಟರ್ ಜಾಸ್ತೀನೇ ಕೊಡ್ತು."

ಅತ್ತೆ ಖುಷಿಪಡುತ್ತಾರೆ ಎಂದುಕೊಂಡರೆ ಮುಖ ಊದಿಸಿಕೊಂಡು ಕೂತರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ನಾನು ನಗಲಿಲ್ಲ. ಒಮ್ಮೆ ಒಂದು ವಾರ ರಜೆ ಹಾಕಿ ಮರಳಿದಾಗ ನನ್ನ ಕ್ಲಾಸಿನ ಮಕ್ಕಳು, ನನ್ನ ಬದಲಿಗೆ ಬಂದಿದ್ದ ಟೀಚರನ್ನು ತೋರಿಸಿ, "ಆ ಮಿಸ್ಸೇ ಇರ್ಲಿ" ಎಂದಿದ್ದವು. ನಾನೂ ಅಂದು ಊಟ ಬಿಟ್ಟಿದ್ದೆ.

ಸಂಜೆ ಮಾತ್ರ ಎಲ್ಲರಿಗಿಂತ ಮೊದಲು ತೀರಕ್ಕೆ ಹೊರಟವರು ಅತ್ತೆ. ಫೋನು ರೂಮಿನಲ್ಲೇ ಉಳಿದಿತ್ತು. "ಇನ್ನೂ ಎರಡು ಲೀಟರ್ ಕೊಡ್ಲಿ ಬಿಡು, ನಂಗೇನು" ಎನ್ನುತ್ತ ಕಡಲಿಗೆ ಮುಖ ಮಾಡಿ ಕೂತರು.

ನಾವಿಲ್ಲದೆಯೂ ಎಲ್ಲ ನಡೆಯುತ್ತದೆ ಎಂದು ತಿಳಿಯಲು ಅಂಡಮಾನಿನವರೆಗೂ ಹೋಗಬೇಕಾ, ಹೇಳಿ?